ಮೂಲಪತ್ರ ಹುಡುಕುತ್ತಾ ಶ್ವೇತಭವನದವರೆಗೆ

ಜಮೀನಿನ ವ್ಯಾಜ್ಯ ನಡೆಸುವ ವಕೀಲರಿಗೆ ಒಂದು ಚಾಳಿ ಅಂಟಿಕೊಳ್ಳುತ್ತದೆ. ಯಾವ ಕಾಗದ ಕೈಗೆ ಬಂದರೂ ‘ಇದರ ಮೂಲಪತ್ರ ಎಲ್ಲಿ?’ ಎಂದು ಕೇಳುತ್ತೇವೆ. ಅಮೆರಿಕದ ನ್ಯಾಯ ಇಲಾಖೆಯ ಕಾನೂನು ಸಲಹಾ ಕಚೇರಿಯ ಅಭಿಪ್ರಾಯಪತ್ರವೊಂದನ್ನು ನಾನು ಓದಿದ್ದೂ ಹಾಗೆಯೇ.

2018ರ ಏಪ್ರಿಲ್‌ನಲ್ಲಿ ಅಧ್ಯಕ್ಷ ಟ್ರಂಪ್ ಅವರ ಆದೇಶದಂತೆ ಸಿರಿಯಾದ ಮೂರು ನೆಲೆಗಳ ಮೇಲೆ ಕ್ಷಿಪಣಿಗಳು ಬಿದ್ದವು. ಯುದ್ಧ ಸಾರುವ ಅಧಿಕಾರ ಅಲ್ಲಿನ ಸಂವಿಧಾನದ ಪ್ರಕಾರ ಕಾಂಗ್ರೆಸ್ಸಿನದು, ಅಂದರೆ ಅಲ್ಲಿನ ಸಂಸತ್ತಿನದು. ಅದರ ಒಪ್ಪಿಗೆ ಕೇಳಿರಲಿಲ್ಲ. ಆ ದಾಳಿಯನ್ನು ಸಮರ್ಥಿಸುವ ಈ ಅಭಿಪ್ರಾಯಪತ್ರಕ್ಕೆ ಮೇ 31ರ ತಾರೀಖಿದೆ. ರಾಷ್ಟ್ರಹಿತವಿದ್ದು, ಕಾರ್ಯಾಚರಣೆಯ ಸ್ವರೂಪ, ವ್ಯಾಪ್ತಿ, ಅವಧಿ ‘ಯುದ್ಧ’ದ ಮಟ್ಟ ಮುಟ್ಟದಿದ್ದರೆ ಅಧ್ಯಕ್ಷರ ಆದೇಶವೇ ಸಾಕು ಎಂಬುದು ಅದರ ವಾದ.

ಮೊದಲ ಓದಿಗೆ ನಾನು ಸೋತೆ. ಪುಟಪುಟಕ್ಕೂ ಆಧಾರಗಳ ರಾಶಿ! ಮರುದಿನ ಬಣ್ಣದ ಪೆನ್ಸಿಲ್ ಹಿಡಿದು ಕೂತೆ. ಕೋರ್ಟಿನ ತೀರ್ಪಿಗೆ ಕೆಂಪು ಗೆರೆ, ಸರ್ಕಾರದ್ದೇ ಹಳೆಯ ಅಭಿಪ್ರಾಯಕ್ಕೆ ನೀಲಿ. ವಾದದ ತಿರುಳಿರುವ ಕಡೆಯಲ್ಲೆಲ್ಲ ನೀಲಿಯೇ ಎದ್ದು ಕಂಡಿತು. ತಾನೇ ಬರೆದ ಲೆಕ್ಕಕ್ಕೆ ತಾನೇ ಸಾಕ್ಷಿ.

ನೀಲಿ ಗೆರೆ ಹಿಡಿದು ಹಿಂದಕ್ಕೆ ನಡೆದೆ: 2011ರ ಲಿಬಿಯಾ, 1995ರ ಬೋಸ್ನಿಯಾ, 1994ರ ಹೈಟಿ ಕಾರ್ಯಾಚರಣೆಗಳ ಅಭಿಪ್ರಾಯಪತ್ರಗಳು. ಆಗ ಅಧ್ಯಕ್ಷರಾಗಿದ್ದ ಒಬಾಮ, ಕ್ಲಿಂಟನ್ ಇಬ್ಬರೂ ಟ್ರಂಪ್ ಅವರದಲ್ಲದ ಪಕ್ಷದವರು. ಸರಪಳಿಗೆ ಅದರ ಹಂಗಿಲ್ಲ. ಹೈಟಿಯ ಪತ್ರದ ಮುಂದೆ ಬಹಳ ಹೊತ್ತು ಕೂತೆ. ಅಲ್ಲಿನ ನ್ಯಾಯಬದ್ಧ ಸರ್ಕಾರದ ಸಮ್ಮತಿಯಿತ್ತು, ಕಾಂಗ್ರೆಸ್ಸಿನ ಧನವಿನಿಯೋಗ ಕಾಯ್ದೆಯೊಂದರ ಆಸರೆಯೂ ಇತ್ತು. ಸೇನೆ ಕಳಿಸಬಹುದು ಎಂಬ ಮಾತು ‘ಸ್ವರೂಪ, ವ್ಯಾಪ್ತಿ, ಅವಧಿ’ಯ ಜೊತೆಗೆ ಇವುಗಳ ಮೇಲೂ ನಿಂತಿತ್ತು. ಸಿರಿಯಾಕ್ಕೆ ಬರುವಷ್ಟರಲ್ಲಿ ಆ ಎರಡು ಊರುಗೋಲೂ ಇಲ್ಲ, ‘ಸ್ವರೂಪ, ವ್ಯಾಪ್ತಿ, ಅವಧಿ’ ಮಾತ್ರ ಉಳಿದಿದೆ. ಮೂಲ ಕ್ರಯಪತ್ರದಲ್ಲಿ ದಾರಿಯ ಹಕ್ಕು ಷರತ್ತಿನೊಂದಿಗಿದ್ದು, ನಾಲ್ಕನೇ ಮಾರಾಟದ ಹೊತ್ತಿಗೆ ಷರತ್ತು ಉದುರಿ ಹಕ್ಕು ಮಾತ್ರ ಉಳಿದ ಕಡತಗಳನ್ನು ನಾನು ಎಷ್ಟು ನೋಡಿಲ್ಲ! ನಮ್ಮಲ್ಲಿ ಎದುರುದಾರ ಕೋರ್ಟಿಗೆ ಹೋಗುತ್ತಾನೆ. ಯುದ್ಧಾಧಿಕಾರದ ಪ್ರಶ್ನೆಗಳಲ್ಲಿ ಅಲ್ಲಿನ ನ್ಯಾಯಾಲಯಗಳು ಸಾಮಾನ್ಯವಾಗಿ ಕೈಹಾಕುವುದೇ ಇಲ್ಲ.

ಲಿಬಿಯಾದ ಪತ್ರ ಇನ್ನೂ ಹಿಂದಕ್ಕೆ, 1941ಕ್ಕೆ ಹೋಗುತ್ತದೆ. ಆಗ ಅಟಾರ್ನಿ ಜನರಲ್ ಆಗಿದ್ದ ರಾಬರ್ಟ್ ಜಾಕ್ಸನ್, ದೇಶದಾಚೆಗೆ ಸೇನೆ ಕಳಿಸುವ ಅಧಿಕಾರ ಅಧ್ಯಕ್ಷರಿಗಿದೆ ಎಂದು ಬರೆದಿದ್ದರು. ಮುಂದೆ ಅವರೇ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯಾದರು. 1952ರಲ್ಲಿ ಅಧ್ಯಕ್ಷ ಟ್ರೂಮನ್ ಉಕ್ಕಿನ ಕಾರ್ಖಾನೆಗಳನ್ನು ವಶಪಡಿಸಿಕೊಂಡ ಪ್ರಕರಣದಲ್ಲಿ, ಹಿಂದೆ ವಿಮಾನ ಕಾರ್ಖಾನೆಯೊಂದನ್ನು ಸರ್ಕಾರ ವಹಿಸಿಕೊಂಡಾಗ ಅಟಾರ್ನಿ ಜನರಲ್ ಆಗಿ ಜಾಕ್ಸನ್ ಅದನ್ನು ಸಮರ್ಥಿಸಿ ಆಡಿದ್ದ ಹಳೆಯ ಮಾತನ್ನೇ ಸರ್ಕಾರಿ ವಕೀಲರು ಅವರ ಮುಂದಿಟ್ಟರು. ಒಂದು ಪಕ್ಷದ ವಕೀಲನ ಮಾತನ್ನು ನ್ಯಾಯಾಧೀಶ ಆಧಾರವೆಂದು ಒಪ್ಪಲಾರ, ಆ ವಕೀಲ ತಾನೇ ಆಗಿದ್ದರೂ, ಎಂದು ಜಾಕ್ಸನ್ ಬರೆದರು.

ಆ ಸಾಲಿಗೆ ಕೆಂಪು ಗೆರೆ ಎಳೆದೆ.