ಮಸಾಲೆ ದೋಸೆ ಈಸ್ ಎಂಪ್ಟಿ

"ಮಸಾಲೆ ದೋಸೆ ಈಸ್ ಎಂಪ್ಟಿ, ಸರ್."

ಮುಂಬೈಯ ಫೋರ್ಟಿನಲ್ಲಿರುವ ನಮ್ಮ ಭಾವನ ಹೋಟೆಲಿನಲ್ಲಿ ಕುಂದಾಪುರ ಕಡೆಯ ಹುಡುಗ ವಿದೇಶಿ ಗಿರಾಕಿಯೊಬ್ಬರಿಗೆ ಹೀಗೆ ಹೇಳಿದ್ದನ್ನು ನಾನೇ ಕೇಳಿದೆ. ಖಾಲಿ ಅಂದರೆ ಎಂಪ್ಟಿ. ದೋಸೆ ಖಾಲಿ ಅಂದರೆ ದೋಸೆ ಎಂಪ್ಟಿ. ಅವನ ಲೆಕ್ಕ ಸರಿಯಾಗಿಯೇ ಇತ್ತು. ಗಿರಾಕಿ ಮಾತ್ರ ಒಳಗೆ ಪಲ್ಯ ಇಲ್ಲದ ದೋಸೆ ಅಂದುಕೊಂಡರೋ ಏನೋ, "ಓಕೆ, ನೋ ಪ್ರಾಬ್ಲಂ" ಅಂತ ಕಾಯುತ್ತಾ ಕೂತರು.

ಗಲ್ಲಾದಲ್ಲಿದ್ದ ಭಾವ ನನ್ನ ಕಡೆ ತಿರುಗಿದರು. "ಅಷ್ಟು ವರ್ಷ ಟೀಚರ್ ಆಗಿದ್ದೆಯಲ್ಲ ಮಾರಾಯ್ತಿ, ಇವರಿಗೂ ಸ್ವಲ್ಪ ಹೇಳಿಕೊಡಬಾರದಾ?"

ಮುಂಬೈ ಪಾಲಿಕೆಯ ಕನ್ನಡ ಶಾಲೆಯಲ್ಲಿ ಮಕ್ಕಳಿಗೆ ಇಂಗ್ಲಿಷ್ ಕಲಿಸಿ ನಿವೃತ್ತಳಾದವಳು ನಾನು. ಒಪ್ಪಿಕೊಂಡೆ. ಭಾನುವಾರ ಆಫೀಸುಗಳಿಗೆ ರಜೆ, ಫೋರ್ಟಿನಲ್ಲಿ ಗಿರಾಕಿ ಕಡಿಮೆ. ಮಧ್ಯಾಹ್ನ ಮೂರಕ್ಕೆ ಹೋಟೆಲಿನ ಮಾಳಿಗೆಯ ಮೇಲೆ ಕ್ಲಾಸು. ಏಳು ಹುಡುಗರು. ಪಾಠ ಎಲ್ಲಿಂದ ತರೋದು? ನನ್ನ ಹಳೇ ಪುಸ್ತಕಗಳಲ್ಲಿ ಇದ್ದದ್ದು ಹಸು, ಮಾವಿನ ಮರ, ನನ್ನ ಶಾಲೆ. ಹಾಗಾಗಿ ಫೋನ್ ಹಿಡಿದು ಹುಡುಕಲು ಕೂತೆ.

ಮೊದಲು ಗೂಗಲ್‌ನಲ್ಲಿ "ಸ್ಪೋಕನ್ ಇಂಗ್ಲಿಷ್" ಅಂತ ಹಾಕಿದೆ. ಮೂವತ್ತು ದಿನದಲ್ಲಿ ಇಂಗ್ಲಿಷ್, ಹತ್ತು ದಿನದಲ್ಲಿ ಇಂಗ್ಲಿಷ್ ಎನ್ನುವ ವಿಡಿಯೋಗಳ ಸಾಲೇ ಬಂತು. ಎರಡು ನೋಡಿ ಬಿಟ್ಟೆ. ಆಮೇಲೆ "ಹೋಟೆಲ್ ಇಂಗ್ಲಿಷ್" ಅಂತ ಹುಡುಕಿದರೆ ರೂಮ್ ಬುಕಿಂಗ್, ಬೀಗದ ಕೈ, ಲಗೇಜು! ನಮಗೆ ಹೋಟೆಲ್ ಅಂದರೆ ತಿಂಡಿ ತಿನ್ನುವ ಜಾಗ, ಅವರಿಗೆ ಮಲಗುವ ಜಾಗ. ಇಷ್ಟು ವರ್ಷ ಇಂಗ್ಲಿಷ್ ಕಲಿಸಿದವಳಿಗೆ ಇದು ಮೊದಲೇ ಹೊಳೆಯಬೇಕಿತ್ತು.

"ರೆಸ್ಟೋರೆಂಟ್" ಅಂತ ಬದಲಿಸಿದಾಗ ಬ್ರಿಟಿಷ್ ಕೌನ್ಸಿಲ್‌ನ ಲರ್ನ್‌ಇಂಗ್ಲಿಷ್ ಅನ್ನುವ ವೆಬ್‌ಸೈಟ್ ಸಿಕ್ಕಿತು. ದುಡ್ಡು ಕೊಡದೆ ಬಳಸಬಹುದಾದ ಪಾಠಗಳು ಅಲ್ಲಿ ಬೇಕಾದಷ್ಟಿವೆ. ಆಡಿಯೋ ಇದೆ, ಅದರ ಮಾತು ಬರಹದಲ್ಲೂ ಇದೆ. ಪಾಠಗಳನ್ನು ಎ1, ಎ2, ಬಿ1 ಅಂತ ಮಟ್ಟ ನೋಡಿ ವಿಂಗಡಿಸಿದ್ದಾರೆ. ಎ1 ಅಂದರೆ ತೀರಾ ಹೊಸಬರಿಗೆ. ಈ ಎ1 ಅನ್ನುವುದು ದೊಡ್ಡ ಉಪಕಾರ. ಬೇರೆ ಕಡೆ ಹುಡುಕುವಾಗಲೂ ಕೊನೆಯಲ್ಲಿ ಅದನ್ನು ಸೇರಿಸಿದರೆ ಕಷ್ಟದ ಪಾಠಗಳು ಅರ್ಧಕ್ಕರ್ಧ ಕಡಿಮೆಯಾಗುತ್ತವೆ.

ಖುಷಿಯಿಂದ ಭಾನುವಾರ ಒಂದು ಸಂಭಾಷಣೆ ಆಡಿಸಿದೆ. ಅದು ಬೇರೆ ಕಡೆಯಿಂದ ಇಳಿಸಿಕೊಂಡದ್ದು. ಮುಗಿಯುತ್ತಿದ್ದಂತೆ ಒಬ್ಬ ಕೇಳಿದ: "ಟೀಚರೇ, ಇದ್ರಲ್ಲಿ ನಮ್ಮ ಡೈಲಾಗ್ ಬರೀ ಎರಡೇ ಅಲ್ವಾ?"

ನೋಡಿದರೆ ಹೌದು. ಆ ಪಾಠದಲ್ಲಿ ಕಲಿಯುವವನು ಗಿರಾಕಿ. ಅವನು ಸೂಪ್ ಕೇಳುತ್ತಾನೆ, ವೈನ್ ಕೇಳುತ್ತಾನೆ, ಬಿಲ್ ಕೇಳುತ್ತಾನೆ. ವೇಟರ್ "ಯೆಸ್ ಸರ್, ಥ್ಯಾಂಕ್ಯೂ ಸರ್" ಅನ್ನುತ್ತಾ ನಿಂತಿರುತ್ತಾನೆ. ಪ್ರವಾಸ ಹೊರಟವರಿಗಾಗಿ ಬರೆದ ಪಾಠ ಅದು. ಅಂಥವೇ ಜಾಸ್ತಿ.

ಆ ರಾತ್ರಿ ಮತ್ತೆ ಹುಡುಕುವಾಗ ಇಎಸ್‌ಪಿ ಅನ್ನುವ ಮೂರಕ್ಷರ ಸಿಕ್ಕಿತು. ಇಂಗ್ಲಿಷ್ ಫಾರ್ ಸ್ಪೆಸಿಫಿಕ್ ಪರ್ಪಸಸ್, ಅಂದರೆ ಒಂದೊಂದು ಕೆಲಸಕ್ಕೆ ಬೇಕಾಗುವಷ್ಟು ಇಂಗ್ಲಿಷ್. ಬೇರೆ ಭಾಷೆಯವರಿಗೆ ಇಂಗ್ಲಿಷ್ ಕಲಿಸುವುದಕ್ಕೆ ಹೇಳುವ ಇಎಸ್ಎಲ್, ಇಎಫ್ಎಲ್ ನನಗೆ ಗೊತ್ತಿತ್ತು, ಇದು ಹೊಸದು. "ಇಎಸ್‌ಪಿ ವೇಟರ್ ರೋಲ್ ಪ್ಲೇ ಎ1" ಅಂತ ಹಾಕಿ, ಕೊನೆಯಲ್ಲಿ ಫೈಲ್‌ಟೈಪ್, ಕೋಲನ್, ಪಿಡಿಎಫ್ (filetype:pdf) ಸೇರಿಸಿದೆ. ನೇರವಾಗಿ ಪ್ರಿಂಟ್ ತೆಗೆಯುವಂಥ ಹಾಳೆಗಳು ಬಂದವು. (ಒಂದು ಕಡೆ ಉಚಿತ ಅಂತ ಕರೆದು ಕಾರ್ಡ್ ನಂಬರ್ ಕೊಡಿಸಿಕೊಂಡರು. ತಿಂಗಳಾದ ಮೇಲೆ ದುಡ್ಡೂ ಹೋಯಿತು. ಕಾರ್ಡ್ ಕೇಳಿದ ಕೂಡಲೇ ಈಗ ಹೊರಗೆ ಬಂದುಬಿಡುತ್ತೇನೆ.)

ಸಿಕ್ಕಿದ ಹಾಳೆಗಳಲ್ಲೊಂದರಲ್ಲಿ ಇತ್ತು ನೋಡಿ: "ಸಾರಿ, ವಿ ಹ್ಯಾವ್ ರನ್ ಔಟ್ ಆಫ್..." ಅಂದರೆ ನಮ್ಮಲ್ಲಿ ಖಾಲಿಯಾಗಿದೆ ಅಂತ. ಓದುತ್ತಿದ್ದಂತೆ ಏಳೂ ಹುಡುಗರು ಹೋ ಅಂತ ನಕ್ಕರು. ದೋಸೆ ರನ್ ಔಟ್! ಕ್ರಿಕೆಟ್ ದಯೆಯಿಂದ ಆ ಮಾತನ್ನು ಎರಡನೇ ಸಲ ಹೇಳಿಕೊಡುವ ಕೆಲಸವೇ ಬೀಳಲಿಲ್ಲ.

ಉಚ್ಚಾರಕ್ಕೆ ಕೇಂಬ್ರಿಡ್ಜ್ ಡಿಕ್ಷನರಿ ಸಾಕಾಯಿತು. ಪದದ ಪಕ್ಕದ ಸ್ಪೀಕರ್ ಚಿತ್ರ ಒತ್ತಿದರೆ ಬ್ರಿಟಿಷರು ಹೇಗೆ ಹೇಳುತ್ತಾರೆ, ಅಮೆರಿಕನ್ನರು ಹೇಗೆ ಹೇಳುತ್ತಾರೆ ಎರಡೂ ಕೇಳಿಸುತ್ತದೆ. ನಮ್ಮವರು ಬಿಲ್ಲು, ಪ್ಲೇಟು, ಗ್ಲಾಸು ಅಂತ ಕೊನೆಗೊಂದು ಉಕಾರ ಅಂಟಿಸುವುದು ಕೇಳಿ ಕೇಳಿಯೇ ಸ್ವಲ್ಪ ಕಡಿಮೆಯಾಗಿದೆ. ಯೂಗ್ಲಿಷ್ ಅನ್ನುವ ವೆಬ್‌ಸೈಟ್‌ನಲ್ಲಿ ಪದ ಹಾಕಿದರೆ ಅದನ್ನು ಜನ ಆಡುವ ಯೂಟ್ಯೂಬ್ ತುಣುಕುಗಳು ಒಂದಾದ ಮೇಲೊಂದು ಬರುತ್ತವೆ. ಬಿಬಿಸಿಯ ಸಿಕ್ಸ್ ಮಿನಿಟ್ ಇಂಗ್ಲಿಷ್ ಅನ್ನುವ ಆಡಿಯೋ ಪಾಠ ನನಗೆ ಇಷ್ಟ, ಹುಡುಗರಿಗೆ ಭಾರ. ಮಕ್ಕಳ ಕಥೆಗಳ ವೆಬ್‌ಸೈಟ್ ಸ್ಟೋರಿವೀವರ್‌ನ ಕನ್ನಡ ಮತ್ತು ಇಂಗ್ಲಿಷ್ ಕಥೆಗಳನ್ನೂ ತಂದಿದ್ದೆ. ಆನೆ ಮರಿ ಕಥೆ ನೋಡಿ ಹುಡುಗರು ಮುಸಿಮುಸಿ ನಕ್ಕರು. ಒಬ್ಬ ಮಾತ್ರ ಊರಲ್ಲಿರುವ ಮಗಳಿಗೆ ಅಂತ ಲಿಂಕ್ ಕಳಿಸಿಕೊಂಡ.

ಇಂಗ್ಲಿಷ್ ಪಾಠವೇ ಅಲ್ಲದ ಒಂದು ಕಡೆ ಸಿಕ್ಕಿದ್ದು ಎಲ್ಲಕ್ಕಿಂತ ಉಪಯೋಗಕ್ಕೆ ಬಂತು. ಒಂದು ದಿನ ಗಿರಾಕಿಯೊಬ್ಬರು "ಇದರಲ್ಲಿ ನಟ್ಸ್ ಇದೆಯಾ?" ಅಂತ ಇಂಗ್ಲಿಷಿನಲ್ಲಿ ಕೇಳಿದರೆ ನಮ್ಮ ಹುಡುಗ ನಗುತ್ತಾ "ಯೆಸ್ ಮೇಡಂ, ನೋ ಪ್ರಾಬ್ಲಂ" ಅಂದಿದ್ದ. ಪುಣ್ಯಕ್ಕೆ ಆಕೆ ಎದ್ದು ಹೋದರು. ಬ್ರಿಟನ್ನಿನ ಫುಡ್ ಸ್ಟ್ಯಾಂಡರ್ಡ್ಸ್ ಏಜೆನ್ಸಿಯವರ ಪುಟದಲ್ಲಿ, ಅಲರ್ಜಿ ಮಾಡುವ ಪದಾರ್ಥ ಅಂತ ಗಿರಾಕಿಗೆ ಹೇಳಲೇಬೇಕಾದ 14ರ ಪಟ್ಟಿ ಇದೆ. ಅದನ್ನು ಹಿಡಿದು ಎಲ್ಲರೂ ಅಡುಗೆಮನೆಗೆ ಹೋದೆವು. ಹಾಲು, ಗೋಡಂಬಿ, ಶೇಂಗಾ, ಎಳ್ಳು ಬಂತು. ಸಾಸಿವೆಯೂ ಅದರಲ್ಲಿದೆ! ಭಟ್ಟರು ಸೌಟು ಹಿಡಿದುಕೊಂಡೇ ಕೇಳಿದರು, "ಸಾಸಿವೆ ಇಲ್ಲದ ಒಗ್ಗರಣೆ ಎಲ್ಲಿಂದ ತರೋದು?" ಇಂಗಿನ ಡಬ್ಬಿಯ ಮೇಲಿನ ಸಣ್ಣ ಅಕ್ಷರ ಓದಿದರೆ ಅದರಲ್ಲಿ ಗೋಧಿ ಹಿಟ್ಟು. ಅಂದರೆ ಗೋಧಿ ಆಗದವರಿಗೆ ಸಾಂಬಾರೂ ಇಲ್ಲ. ಆ ದಿನ "ಇಟ್ ಹ್ಯಾಸ್ ಮಸ್ಟರ್ಡ್", "ಲೆಟ್ ಮಿ ಆಸ್ಕ್ ದ ಕಿಚನ್" ಎರಡೇ ವಾಕ್ಯ ಕಲಿಸಿದೆ. ಎರಡನೆಯದು ಮುಖ್ಯ. ಗೊತ್ತಿಲ್ಲದಾಗ ಯೆಸ್ ಅನ್ನಬಾರದು, ಅಷ್ಟೇ.

ಈಗ ಲಿಂಕ್ ಕಳಿಸುವುದನ್ನೂ ಬಿಟ್ಟಿದ್ದೇನೆ. ಹುಡುಗರ ಫೋನ್ ಯಾವಾಗಲೂ ಫುಲ್. ವಾರಕ್ಕೆ ನಾಲ್ಕು ವಾಕ್ಯ ಆರಿಸಿ, ನನ್ನದೇ ದನಿಯಲ್ಲಿ ರೆಕಾರ್ಡ್ ಮಾಡಿ ವಾಟ್ಸಾಪ್ ಗುಂಪಿಗೆ ಹಾಕುತ್ತೇನೆ. ಒಂದು ನಿಮಿಷ ದಾಟಿದರೆ ಯಾರೂ ಕೇಳುವುದಿಲ್ಲ.

ಮೊನ್ನೆ ಹೋದಾಗ ಗಲ್ಲಾದಿಂದ ಭಾವ ಒಳಗೆ ಕೂಗುತ್ತಿದ್ದರು, "ವಡೆ ಉಂಟಾ?" ಒಳಗಿನಿಂದ ಭಟ್ಟರ ದನಿ ಬಂತು: "ರನ್ ಔಟ್!"