ಒಂದು ಇಂಗ್ಲಿಷ್ ಪದಕ್ಕೆ ಸರಿಯಾದ ಸ್ಪ್ಯಾನಿಷ್ ಪದ: ನನ್ನ ಅನುಭವ

ಇಂಗ್ಲಿಷ್‌ನಿಂದ ಸ್ಪ್ಯಾನಿಷ್‌ಗೆ ಅನುವಾದಿಸುವಾಗ ನಾನು ಮೊದಲು ದ್ವಿಭಾಷಾ ನಿಘಂಟನ್ನು ತೆರೆಯುವುದಿಲ್ಲ. ಮೂಲ ವಾಕ್ಯದಲ್ಲಿ ಆ ಪದ ಯಾವ ಅರ್ಥದಲ್ಲಿ ಬಂದಿದೆ ಎಂಬುದನ್ನು ನನ್ನದೇ ಮಾತಿನಲ್ಲಿ ಬರೆದುಕೊಂಡು, ಆ ಅರ್ಥಕ್ಕೆ ಪದ ಹುಡುಕುತ್ತೇನೆ. ‘ಟೈಮ್’ ಎಂಬುದು ಅವಧಿಯಾದರೆ ‘ತಿಯೆಂಪೊ’, ಗಡಿಯಾರ ತೋರಿಸುವ ಹೊತ್ತಾದರೆ ‘ಓರಾ’, ‘ಮೂರು ಸಲ’ ಎನ್ನುವಲ್ಲಿನ ಸಲವಾದರೆ ‘ವೆಸ್’. ಇಂತಹ ಪದಗಳು ಅಷ್ಟೇನೂ ಕಾಡುವುದಿಲ್ಲ.

ನಿಜವಾಗಿ ಕಾಡುವುದು, ಇಂಗ್ಲಿಷ್ ಒಂದೇ ಎಂದು ಭಾವಿಸಿದ್ದನ್ನು ಸ್ಪ್ಯಾನಿಷ್ ಎರಡಾಗಿ ಕಾಣುವ ಪದಗಳು. ‘ಕಾರ್ನರ್’ ಅಂಥದ್ದು. ಕೋಣೆಯ ಒಳಮೂಲೆ ‘ರಿಂಕೋನ್’, ಎರಡು ಬೀದಿಗಳು ಕೂಡುವ ಹೊರಮೂಲೆ ‘ಎಸ್ಕಿನಾ’. ನಮಗೂ ಎರಡೂ ‘ಮೂಲೆ’ಯೇ ಆದ್ದರಿಂದ ಕನ್ನಡದ ಕಿವಿಯೂ ಇಲ್ಲಿ ಎಚ್ಚರಿಸುವುದಿಲ್ಲ, ನೋಡುವವನು ಮೂಲೆಯ ಒಳಗಿದ್ದಾನೋ ಹೊರಗಿದ್ದಾನೋ ಎಂದು ನಾನು ಪ್ರತಿ ಸಲವೂ ಕೇಳಿಕೊಳ್ಳುತ್ತೇನೆ. ಆದರೂ ರೂಢಿಯ ಮುಂದೆ ಈ ಪ್ರಶ್ನೆ ನಿಲ್ಲುವುದಿಲ್ಲ: ಫುಟ್‌ಬಾಲ್ ಮೈದಾನದ ಮೂಲೆಯನ್ನು ಒಳಗಿನಿಂದಲೇ ನೋಡಿದರೂ, ಕಾರ್ನರ್ ಕಿಕ್ ‘ಸಾಕೆ ದೆ ಎಸ್ಕಿನಾ’ ಎಂದೇ ಆಗುತ್ತದೆ. ಹಾಗೆಯೇ ನೀರಿನಲ್ಲಿ ಈಜುವ ಮೀನು ‘ಪೆಸ್’, ಹಿಡಿದು ಅಡುಗೆಗೆ ತಂದದ್ದು ‘ಪೆಸ್ಕಾದೊ’. ಮನುಷ್ಯನ ಕಾಲು ‘ಪಿಯೆರ್ನಾ’, ಪ್ರಾಣಿಯ ಮತ್ತು ಮೇಜಿನ ಕಾಲು ‘ಪಾತಾ’.

ಒಂದು ಪದ ಮನಸ್ಸಿಗೆ ಬಂದ ಮೇಲೆ ಅದನ್ನು 1713ರಲ್ಲಿ ಸ್ಥಾಪನೆಯಾದ ಸ್ಪೇನಿನ ರಾಯಲ್ ಅಕಾಡೆಮಿಯ ನಿಘಂಟಿನಲ್ಲಿ ನೋಡುತ್ತೇನೆ. ಅಲ್ಲಿ ಸ್ಪ್ಯಾನಿಷ್‌ನಲ್ಲೇ ಕೊಟ್ಟಿರುವ ವಿವರಣೆಯನ್ನು ನನ್ನ ವಾಕ್ಯದಲ್ಲಿ ಇಟ್ಟು ಓದಿದಾಗ ಅರ್ಥ ಕೆಡದಿದ್ದರೆ ಮಾತ್ರ ಆ ಪದವನ್ನು ಉಳಿಸಿಕೊಳ್ಳುತ್ತೇನೆ. ಯಾವ ಪದ ಯಾವ ದೇಶದ್ದು ಎಂಬ ಸೂಚನೆಗಳೂ ಅಲ್ಲಿರುತ್ತವೆ, ಅವನ್ನು ಕಡೆಗಣಿಸುವಂತಿಲ್ಲ. ರೈಲಿನ ‘ಟಿಕೆಟ್’ ಸ್ಪೇನಿನಲ್ಲಿ ‘ಬಿಯೆತೆ’, ಮೆಕ್ಸಿಕೋದಲ್ಲಿ ‘ಬೊಲೆತೊ’. ಸಂಚಾರ ಪೊಲೀಸರು ಕೊಡುವ ‘ಟಿಕೆಟ್’ ಆದರೋ ದಂಡ, ಅಂದರೆ ‘ಮುಲ್ತಾ’. ಆದ್ದರಿಂದ ಓದುಗರು ಯಾವ ದೇಶದವರು ಎಂಬುದನ್ನು ಕೆಲಸ ಒಪ್ಪಿಕೊಳ್ಳುವಾಗಲೇ ಕೇಳಿ ತಿಳಿದುಕೊಳ್ಳುತ್ತೇನೆ.

ಅತ್ಯಂತ ಕಷ್ಟ ಕೊಡುವುದು ತಂತ್ರಾಂಶದ ಒಂಟಿ ಪದಗಳು. ಅನುವಾದದ ಪಟ್ಟಿಯ ಒಂದು ಸಾಲಿನಲ್ಲಿ ‘ಓಪನ್’ ಎಂದಷ್ಟೇ ಇದ್ದರೆ, ಅದು ಒತ್ತುವ ಗುಂಡಿಯಾದರೆ ‘ಅಬ್ರಿರ್’. ಸ್ಥಿತಿಯನ್ನು ಹೇಳುವ ಮಾತಾದರೆ, ತೆರೆದಿರುವುದು ಪುಲ್ಲಿಂಗದ ಕಡತವೋ (‘ಅರ್ಚೀವೊ’) ಸ್ತ್ರೀಲಿಂಗದ ಕಿಟಕಿಯೋ (‘ವೆಂತಾನಾ’) ಎಂಬುದನ್ನು ಅನುಸರಿಸಿ ‘ಅಬಿಯೆರ್ತೊ’ ಅಥವಾ ‘ಅಬಿಯೆರ್ತಾ’. ‘ಫ್ರೀ’ ಎಂಬುದೂ ಹೀಗೆಯೇ: ಹಣ ಕೊಡಬೇಕಿಲ್ಲದಿದ್ದರೆ ‘ಗ್ರಾತಿಸ್’, ಡಿಸ್ಕಿನಲ್ಲಿ ಖಾಲಿ ಉಳಿದ ಜಾಗವಾದರೆ ‘ಲೀಬ್ರೆ’. ಇಂತಹ ಕಡೆ ಊಹಿಸಿ ಬರೆಯುವುದು ಓದುಗರಿಗೆ ಮಾಡುವ ಅನ್ಯಾಯ ಎಂದೇ ನಾನು ನಂಬಿದ್ದೇನೆ. ಹಾಗಾಗಿ ಆ ಸಾಲನ್ನು ಖಾಲಿ ಬಿಟ್ಟು, ಆ ಪದ ಕಾಣಿಸಿಕೊಳ್ಳುವ ಪರದೆಯ ಚಿತ್ರವನ್ನು ಕಳುಹಿಸುವಂತೆ ಕೆಲಸ ಕೊಟ್ಟವರಿಗೆ ಬರೆಯುತ್ತೇನೆ. ಉತ್ತರ ಬಂದೊಡನೆ, ಆರಿಸಿದ ಪದದ ಪಕ್ಕದಲ್ಲಿ ಅರ್ಥ, ಲಿಂಗ ಮತ್ತು ದೇಶವನ್ನು ನನ್ನ ಪದಪಟ್ಟಿಯಲ್ಲಿ ಗುರುತು ಹಾಕಿಕೊಳ್ಳುತ್ತೇನೆ.