ದೊಡ್ಡ ಎಲೆಕ್ಟ್ರಿಕ್ ಎಸ್‌ಯುವಿ ಬೇಕೆ? ಮೊದಲು ಪಾರ್ಕಿಂಗ್ ಅಳೆಯಿರಿ, ಆಮೇಲೆ ಅವ್ವನನ್ನು ಕೂರಿಸಿ ನೋಡಿ

ಪುಣೆಯ ಪಿಂಪಳೆ ಸೌದಾಗರ್‌ನಲ್ಲಿ ನಮ್ಮದು ಆರು ಜನರ ಮನೆ. ನಾನು, ಹೆಂಡತಿ, ಇಬ್ಬರು ಮಕ್ಕಳು, ಅಪ್ಪ, ಅವ್ವ. ದಿನಾ ಹಿಂಜವಡಿಗೆ ಆಫೀಸು, ಮಕ್ಕಳ ಶಾಲೆ, ಕ್ಲಾಸು. ವರ್ಷಕ್ಕೆ ನಾಲ್ಕು ಸಲವಾದರೂ ಧಾರವಾಡ. ಪಂಚಮಿಗೆ ಒಮ್ಮೆ, ದೀಪಾವಳಿಗೆ ಒಮ್ಮೆ, ಬೇಸಿಗೆ ರಜೆಗೆ ಒಮ್ಮೆ, ಯಾರದಾದರೂ ಮದುವೆಗೆ ಒಮ್ಮೆ. ಹಳೆಯ ಡೀಸೆಲ್ ಗಾಡಿ ಮಾರಿ ಎಲೆಕ್ಟ್ರಿಕ್ ತಗೊಂಡ ಮೇಲೆ ಚಿಂಚವಡದ, ಕೋಥ್ರೂಡಿನ ನಮ್ಮ ಕನ್ನಡದವರು ಫೋನ್ ಮಾಡಿ ಒಂದೇ ಪ್ರಶ್ನೆ ಕೇಳುತ್ತಾರೆ: ‘ಯಾವುದು ತಗೊಳ್ಳೋದು?’

ಹೆಚ್ಚಿನವರು ಬ್ರೋಷರ್‌ನಲ್ಲಿರುವ ಕಿಲೋಮೀಟರ್ ನೋಡಿ ಶುರು ಮಾಡುತ್ತಾರೆ. ಇದು 627, ಅದು 656, ಹಾಗಾಗಿ ಅದೇ ಒಳ್ಳೆಯದು ಅಂತ. ನಾನು ಹೇಳುವುದು ಇಷ್ಟೇ: ಆ ಅಂಕಿ ಕೊನೆಗೆ ನೋಡಿ. ಗಾಡಿ ರಾತ್ರಿ ಎಲ್ಲಿ ನಿಲ್ಲುತ್ತದೆ, ಒಳಗೆ ಯಾರು ಎಲ್ಲಿ ಕೂರುತ್ತಾರೆ, ಊರಿನ ದಾರಿ ಎಷ್ಟು ದೂರ ಎಂಬ ಮೂರು ಪ್ರಶ್ನೆಗೆ ಉತ್ತರ ಸಿಕ್ಕರೆ ಗಾಡಿಯ ಹೆಸರು ತಾನಾಗಿಯೇ ಸಿಗುತ್ತದೆ.

ಮೊದಲ ಕೆಲಸ: ಟೇಪು ಹಿಡಿದು ಪಾರ್ಕಿಂಗ್‌ಗೆ ಇಳಿಯಿರಿ

ಶೋರೂಮ್‌ಗೆ ಹೋಗುವ ಮೊದಲು ನಿಮ್ಮ ಪಾರ್ಕಿಂಗ್ ಜಾಗದ ಉದ್ದ, ಅಗಲ ಎರಡನ್ನೂ ಅಳೆದು ಬರೆದುಕೊಳ್ಳಿ. ನಮ್ಮ ಜಾಗ ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದ. ಮಹೀಂದ್ರಾ ಎಕ್ಸ್‌ಇವಿ 9ಇ ಉದ್ದ 4,789 ಮಿ.ಮೀ., ಅಗಲ 1,907 ಮಿ.ಮೀ. ಅಂದರೆ ನಡುವೆ ನಿಲ್ಲಿಸಿದರೆ ಎರಡೂ ಕಡೆ ಒಂದೊಂದು ಅಡಿ ಜಾಗ. ಅಷ್ಟರಲ್ಲಿ ಬಾಗಿಲು ತೆಗೆದು ವಯಸ್ಸಾದವರು ಇಳಿಯಲು ಆಗುವುದಿಲ್ಲ. ಒಂದು ಪಕ್ಕಕ್ಕೆ ಒತ್ತಿ ನಿಲ್ಲಿಸಬೇಕು, ಇಲ್ಲವೇ ಅವರನ್ನು ಗೇಟಿನ ಹತ್ತಿರವೇ ಇಳಿಸಬೇಕು. ಪಕ್ಕದಲ್ಲಿ ಕಂಬ ಇದೆಯೇ, ಗೋಡೆ ಇದೆಯೇ ಅಂತಲೂ ನೋಡಿ.

ಒಂದರ ಮೇಲೊಂದು ಗಾಡಿ ಎತ್ತುವ ಸ್ಟ್ಯಾಕ್ ಪಾರ್ಕಿಂಗ್ ಇದ್ದರೆ ಅದರ ಕಂಬದ ಮೇಲಿರುವ ಫಲಕ ಓದಿ. ಎಷ್ಟು ಭಾರ, ಎಷ್ಟು ಎತ್ತರ ತಡೆಯುತ್ತದೆ ಎಂದು ಬರೆದಿರುತ್ತದೆ. ಈ ಗಾಡಿಗಳ ಅಡಿಯಲ್ಲಿ ದೊಡ್ಡ ಬ್ಯಾಟರಿ ಇರುವುದರಿಂದ ತೂಕ ಎರಡು ಟನ್ ಆಸುಪಾಸು, ಕೆಲವದು ಇನ್ನೂ ಜಾಸ್ತಿ. ಜನ, ಸಾಮಾನು ಬೇರೆ. ಮುಂಬೈನ ಹಳೆಯ ಕಟ್ಟಡಗಳಲ್ಲಿರುವ ನೆಂಟರಿಗೆ ನಾನು ಮೊದಲು ಹೇಳುವುದೇ ಇದನ್ನು.

ಈಗ ಕರೆಂಟು. ದೊಡ್ಡ ಗಾಡಿಗೆ ದೊಡ್ಡ ಚಾರ್ಜರ್ ಬೇಕೇ ಬೇಕು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಲೆಕ್ಕ ಹಾಕಿ ನೋಡಿ. ಮನೆಯ 16 ಆಂಪಿಯರ್ ಸಾಕೆಟ್‌ನಿಂದ ಗಂಟೆಗೆ ಸುಮಾರು 3.3 ಯುನಿಟ್ ಬರುತ್ತದೆ. ರಾತ್ರಿ ಎಂಟು ಗಂಟೆ ಹಚ್ಚಿದರೆ 26 ಯುನಿಟ್. ನಡುವೆ ಸ್ವಲ್ಪ ನಷ್ಟವಾದರೂ ಊರೊಳಗೆ 120–130 ಕಿ.ಮೀ. ಓಡಾಟಕ್ಕೆ ಸಾಕು. ನಾನು ದಿನಕ್ಕೆ ಓಡಿಸುವುದು 30–35 ಕಿ.ಮೀ. ಮಾತ್ರ. ಖಾಲಿಯಾದ 79 ಯುನಿಟ್‌ನ ಬ್ಯಾಟರಿಯನ್ನು ಒಂದೇ ರಾತ್ರಿಯಲ್ಲಿ ತುಂಬಬೇಕಾದಾಗ ಮಾತ್ರ 7.2 ಕಿಲೋವಾಟ್‌ನ ಗೋಡೆ ಚಾರ್ಜರ್ ನೆರವಿಗೆ ಬರುತ್ತದೆ. ಆಗಲೂ ಸುಮಾರು ಹನ್ನೆರಡು ಗಂಟೆ ಬೇಕು. ಹಾಗಾಗಿ ಚಾರ್ಜರ್ ಇನ್ನೂ ಸಿಕ್ಕಿಲ್ಲ ಅಂತ ಗಾಡಿಯನ್ನೇ ಕೈಬಿಡಬೇಡಿ. ಒಳ್ಳೆಯ ವೈರಿಂಗ್‌ನ ಒಂದು ಸಾಕೆಟ್ ಇದ್ದರೂ ದಿನ ನಡೆಯುತ್ತದೆ.

ಬೇರೆ ಮೀಟರ್ ಹಾಕಿಸುವುದು ಒಳ್ಳೆಯದು. ಕಾರಣ ಬಿಲ್ಲಿನಲ್ಲಿದೆ. ಇಲ್ಲಿನ ವಿದ್ಯುತ್ ಕಂಪನಿ ಮಹಾವಿತರಣದ ಮನೆ ಬಿಲ್ಲು ಹಂತ ಹಂತವಾಗಿ ಏರುತ್ತದೆ. ಒಂದು ಪೂರ್ತಿ ಚಾರ್ಜ್ ಅಂದರೆ ನಷ್ಟ ಸೇರಿ 85–90 ಯುನಿಟ್. ತಿಂಗಳಿಗೆ ಎರಡು-ಮೂರು ಸಲ ತುಂಬಿದರೆ ಮನೆಯ ಫ್ರಿಜ್, ಗೀಸರ್‌ನ ಯುನಿಟ್‌ಗಳ ಮೇಲೆ ಅವೂ ಸೇರಿ ದುಬಾರಿ ಹಂತಕ್ಕೆ ಹೋಗಿಬಿಡುತ್ತವೆ. ಎಲೆಕ್ಟ್ರಿಕ್ ಗಾಡಿಗೆಂದೇ ತಗೊಂಡ ಮೀಟರ್‌ಗೆ ಬೇರೆಯದೇ ದರ ಇದೆ. ಕೇಂದ್ರ ಇಂಧನ ಸಚಿವಾಲಯದ 2024ರ ಮಾರ್ಗಸೂಚಿಯಲ್ಲಿ ಮನೆಯ ಈಗಿನ ಸಂಪರ್ಕದಿಂದಲೂ ಚಾರ್ಜ್ ಮಾಡಬಹುದು, ಬೇರೆ ಸಂಪರ್ಕವನ್ನೂ ಕೇಳಬಹುದು ಎಂದಿದೆ. ಅಪಾರ್ಟ್‌ಮೆಂಟ್ ಸೊಸೈಟಿಯ ಸೆಕ್ರೆಟರಿ ಹತ್ತಿರ ಹೋಗುವಾಗ ಅದರ ಒಂದು ಪ್ರಿಂಟ್ ಕೈಯಲ್ಲಿರಲಿ. ವೈರ್ ಯಾವ ದಾರಿಯಲ್ಲಿ ಬರುತ್ತದೆ, ಎಂಸಿಬಿ (ಲೋಡ್ ಹೆಚ್ಚಾದರೆ ತಾನೇ ಬೀಳುವ ಸ್ವಿಚ್) ಎಲ್ಲಿ ಇರುತ್ತದೆ ಅಂತ ಒಂದು ಚಿತ್ರ ಬರೆದುಕೊಟ್ಟರೆ ಎನ್‌ಒಸಿ (ಸೊಸೈಟಿಯ ಒಪ್ಪಿಗೆ ಪತ್ರ) ಬೇಗ ಸಿಗುತ್ತದೆ. ನಮಗೆ ಆ ಚಿತ್ರ ಇಲ್ಲದ್ದಕ್ಕೆ ಎರಡು ಮೀಟಿಂಗ್ ಹೋಯಿತು.

ಚಾರ್ಜರ್ ಅನ್ನು ಸೊಂಟದ ಮಟ್ಟಕ್ಕಿಂತ ಮೇಲೆ ಕೂರಿಸಿ. 2024ರ ಜುಲೈನಲ್ಲಿ ಖಡಕ್‌ವಾಸ್ಲಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ಸಿಂಹಗಡ ರಸ್ತೆಯ ಏಕತಾ ನಗರಿಯ ಪಾರ್ಕಿಂಗ್‌ಗಳಿಗೆ ನೀರು ನುಗ್ಗಿದ್ದು ಪುಣೆಯವರಿಗೆ ನೆನಪಿದೆ. ನಿಮ್ಮದು ಬೇಸ್‌ಮೆಂಟ್ ಪಾರ್ಕಿಂಗ್ ಆದರೆ ಜೋರು ಮಳೆಯ ರಾತ್ರಿ ಗಾಡಿಯನ್ನು ಮೇಲಕ್ಕೆ ತಂದು ನಿಲ್ಲಿಸಿ.

ಶೋರೂಮ್‌ಗೆ ಮನೆಮಂದಿಯೆಲ್ಲ ಹೋಗಿ

ಒಬ್ಬರೇ ಹೋಗಿ ಸ್ಟೀರಿಂಗ್ ಹಿಡಿದರೆ ಎಲ್ಲ ಗಾಡಿಯೂ ಚೆಂದ. ನಿಜವಾದ ಪರೀಕ್ಷೆ ಹಿಂದಿನ ಸೀಟಿನಲ್ಲಿದೆ.

ಈ ಗಾಡಿಗಳಲ್ಲಿ ಬ್ಯಾಟರಿ ಇರುವುದು ಕಾಲಡಿಯಲ್ಲಿ. ಹಾಗಾಗಿ ಒಳಗಿನ ನೆಲ ಮೇಲೆ ಬಂದಿರುತ್ತದೆ. ಸೀಟನ್ನು ಅಷ್ಟೇ ಎತ್ತರಿಸದಿದ್ದರೆ ಮೊಣಕಾಲು ಮೇಲೆ ಬರುತ್ತದೆ, ತೊಡೆಯ ಕೆಳಗೆ ಆಧಾರ ಇರುವುದಿಲ್ಲ. ಮೊದಲು ನೋಡಿದ ಒಂದು ಗಾಡಿಯಲ್ಲಿ ಅವ್ವ ಕೂತ ಎರಡೇ ನಿಮಿಷಕ್ಕೆ ‘ಮೊಣಕಾಲು ಎದಿಗೆ ಬರಾಕತ್ತೈತಿ ನೋಡಪಾ’ ಅಂದಳು. ನಾನು ಪಕ್ಕದಲ್ಲಿ ಕೂತು ನೋಡಿದೆ. ಅವಳ ತೊಡೆಗೂ ಸೀಟಿಗೂ ನಡುವೆ ನನ್ನ ಅಂಗೈ ಆರಾಮಾಗಿ ಹೋಯಿತು. ಧಾರವಾಡದವರೆಗೆ ಏಳೆಂಟು ಗಂಟೆ ಹಾಗೆ ಕೂರುವುದು ಮೊಣಕಾಲು ನೋವಿರುವವರಿಗೆ ಶಿಕ್ಷೆ. ಆ ಅಂಗೈ ಪರೀಕ್ಷೆಯನ್ನು ನೀವೂ ಮಾಡಿ. ಎರಡು ನಿಮಿಷ ಸಾಲದು, ಹಿರಿಯರನ್ನು ಕಾಲು ಗಂಟೆ ಕೂರಿಸಿ. ಎರಡು ಸಲ ಹತ್ತಿಸಿ, ಎರಡು ಸಲ ಇಳಿಸಿ. ಸೀರೆ ಉಟ್ಟವರಿದ್ದರೆ ಸೀರೆಯಲ್ಲೇ ಬರಲಿ. ಹೊಸಿಲು ಎಷ್ಟು ಎತ್ತರ, ಕೈಗೆ ಹಿಡಿಕೆ ಎಲ್ಲಿದೆ ಅನ್ನುವುದು ಆಗಲೇ ಗೊತ್ತಾಗುವುದು. ಹಿಂದಕ್ಕೆ ಇಳಿಜಾರಾದ ಕೂಪೆ ಚಾವಣಿಯ ಗಾಡಿಗಳಲ್ಲಿ ಹತ್ತುವಾಗ ತಲೆ ತಾಗುತ್ತದೆಯೇ ಅಂತ ನೋಡುವುದೂ ಮುಖ್ಯ.

ಮೂರನೇ ಸಾಲು ಇರುವ ಗಾಡಿಯಾದರೆ ಆ ಸಾಲನ್ನು ಎತ್ತಿ ನಿಲ್ಲಿಸಿ, ಮಕ್ಕಳನ್ನು ಕೂರಿಸಿ, ಆಮೇಲೆ ಡಿಕ್ಕಿ ನೋಡಿ. ಮಾರುವವರು ಯಾವಾಗಲೂ ಸಾಲು ಮಡಚಿಯೇ ಡಿಕ್ಕಿ ತೋರಿಸುತ್ತಾರೆ. ಊರಿನಿಂದ ಬರುವಾಗ ನಮ್ಮ ಸಾಮಾನು ಏನಿರುತ್ತದೆ ಅಂತ ನಿಮಗೂ ಗೊತ್ತಲ್ವಾ? 25 ಕಿಲೋ ಜೋಳ, ಬಟ್ಟೆಯಲ್ಲಿ ಕಟ್ಟಿದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಡಬ್ಬಿ, ಬ್ಯಾಡಗಿ ಮೆಣಸಿನಕಾಯಿ ಗಂಟು, ಮೇಲೆ ನಾಲ್ಕು ಬ್ಯಾಗು. ನಾನು ಮನೆಯಿಂದ ದೊಡ್ಡ ಸೂಟ್‌ಕೇಸ್ ಎರಡನ್ನು ಖಾಲಿಯೇ ತಗೊಂಡು ಹೋಗಿ ಇಟ್ಟು ನೋಡಿದೆ. ಆಗ ಬಾನೆಟ್ ಅಡಿಯ ಜಾಗದ ಬೆಲೆ ತಿಳಿಯಿತು. ಮಹೀಂದ್ರಾದ ಎಕ್ಸ್‌ಇವಿ 9ಇ, ಏಳು ಸೀಟಿನ ಎಕ್ಸ್‌ಇವಿ 9ಎಸ್ ಎರಡರಲ್ಲೂ ಮುಂದೆ 150 ಲೀಟರ್ ಜಾಗವಿದೆ. ಜೋಳದ ಚೀಲ ಅಲ್ಲಿಗೇ ಹೋಗುತ್ತದೆ.

ಸ್ಟೆಪ್ನಿ ಇದೆಯೇ, ಬರೀ ಪಂಕ್ಚರ್ ಕಿಟ್ ಇದೆಯೇ ಅಂತ ಡಿಕ್ಕಿಯ ಅಡಿ ನೋಡಿಯೇ ಬನ್ನಿ.

ಊರಿನ ದಾರಿಯ ಲೆಕ್ಕ

ಬ್ರೋಷರ್‌ನ ಕಿಲೋಮೀಟರ್ ಪ್ರಯೋಗಾಲಯದ ಪರೀಕ್ಷೆಯದು. ಹೆದ್ದಾರಿಯಲ್ಲಿ ಎಸಿ ಹಾಕಿ, ಗಾಡಿ ತುಂಬ ಜನ, 90–100ರ ವೇಗದಲ್ಲಿ ಹೋದರೆ ದೊಡ್ಡ ಎಸ್‌ಯುವಿ ಯುನಿಟ್‌ಗೆ ಸುಮಾರು 5 ಕಿ.ಮೀ. ಕೊಡುತ್ತದೆ ಅಂತ ಹಿಡಿಯಿರಿ. ಬ್ಯಾಟರಿಯ ಯುನಿಟ್ ಅನ್ನು ಐದರಿಂದ ಗುಣಿಸಿ, ಅಷ್ಟೇ.

ಪುಣೆಯಿಂದ ಧಾರವಾಡ ಸುಮಾರು 420 ಕಿ.ಮೀ. ಕೊಲ್ಹಾಪುರ 235. 79 ಯುನಿಟ್‌ನ ಗಾಡಿ ತುಂಬಿಸಿ ಹೊರಟರೆ ಕೊಲ್ಹಾಪುರಕ್ಕೆ 47 ಯುನಿಟ್ ಖರ್ಚು, 40 ಪರ್ಸೆಂಟ್ ಉಳಿಕೆ. ಅಲ್ಲಿ ಊಟ ಮಾಡುವಷ್ಟರಲ್ಲಿ 80ಕ್ಕೆ ತಂದರೆ ಮುಂದಿನ 185 ಕಿ.ಮೀ. ಮುಗಿಸಿ ಧಾರವಾಡ ಮುಟ್ಟುವಾಗ ಇನ್ನೂ 30ರ ಮೇಲೆ ಇರುತ್ತದೆ. ಒಂದೇ ನಿಲುಗಡೆ. ಅದೇ 59 ಯುನಿಟ್‌ನ ಗಾಡಿ ಕೊಲ್ಹಾಪುರಕ್ಕೆ ಬರುವಾಗ 20ಕ್ಕೆ ಇಳಿದಿರುತ್ತದೆ. ಅಲ್ಲಿ 80 ತುಂಬಿಸಿದರೂ ಧಾರವಾಡಕ್ಕೆ ಮುಟ್ಟುವಾಗ ಕೈಯಲ್ಲಿ 15ರ ಆಸುಪಾಸು ಮಾತ್ರ. ಒಂದು ಚಾರ್ಜರ್ ಕೆಟ್ಟಿದ್ದರೆ ಎದೆ ಹೊಡೆದುಕೊಳ್ಳುತ್ತದೆ. ಅದಕ್ಕೇ ನನ್ನ ಅಭಿಪ್ರಾಯ ಇದು: ಬೆಳಗಾವಿ, ಹುಬ್ಬಳ್ಳಿ ಕಡೆ ಮೇಲಿಂದ ಮೇಲೆ ಹೋಗುವವರು ದೊಡ್ಡ ಬ್ಯಾಟರಿಗೇ ಹಣ ಹಾಕಿ, ಬೇಕಾದರೆ ಸನ್‌ರೂಫ್, ಸ್ಪೀಕರ್ ಬಿಡಿ. ವರ್ಷಕ್ಕೆ ಒಮ್ಮೆ ಹೋಗುವವರು ಚಿಕ್ಕದನ್ನೇ ತಗೊಳ್ಳಿ, ಲಕ್ಷಗಟ್ಟಲೆ ಉಳಿಯುತ್ತದೆ.

ಖಂಬಾಟಕಿ ಘಾಟ್ ಹತ್ತುವಾಗ ಪರ್ಸೆಂಟ್ ಸರಸರ ಇಳಿಯುತ್ತದೆ. ಗಾಬರಿ ಬೇಡ. ಇಳಿಯುವಾಗ ಮೋಟರೇ ಬ್ರೇಕ್ ಆಗಿ ಒಂದಿಷ್ಟು ಕರೆಂಟು ಬ್ಯಾಟರಿಗೆ ವಾಪಸ್ ಬರುತ್ತದೆ.

‘20 ನಿಮಿಷದಲ್ಲಿ ಚಾರ್ಜ್’ ಅನ್ನುವ ಮಾತಿಗೂ ಒಂದು ಶರತ್ತಿದೆ. 79 ಯುನಿಟ್‌ನ ಮಹೀಂದ್ರಾ 20ರಿಂದ 80 ಪರ್ಸೆಂಟ್‌ಗೆ 20 ನಿಮಿಷದಲ್ಲಿ ಹೋಗಬೇಕಾದರೆ 175 ಕಿಲೋವಾಟ್‌ನ ಚಾರ್ಜರ್ ಬೇಕು. ಟಾಟಾ ಹ್ಯಾರಿಯರ್ ಇವಿಗೆ 120 ಕಿಲೋವಾಟ್‌ನಲ್ಲಿ 25 ನಿಮಿಷ. ಹೆದ್ದಾರಿಯ ಹೋಟೆಲ್ ಮುಂದೆ ಇರುವುದು 60ರ ಚಾರ್ಜರ್ ಆದರೆ ಅದೇ ಕೆಲಸಕ್ಕೆ ಮುಕ್ಕಾಲು ಗಂಟೆ ದಾಟುತ್ತದೆ. 30ರದ್ದಾದರೆ ಒಂದೂವರೆ ಗಂಟೆ. ಹೊರಡುವ ಹಿಂದಿನ ರಾತ್ರಿ ಆ್ಯಪ್‌ನಲ್ಲಿ ಕಿಲೋವಾಟ್ ಎಷ್ಟು, ಗನ್ (ಗಾಡಿಗೆ ಚುಚ್ಚುವ ಚಾರ್ಜಿಂಗ್ ಪ್ಲಗ್) ಎಷ್ಟು, ಕೊನೆಯ ಸಲ ಯಾರು ಯಾವಾಗ ಚಾರ್ಜ್ ಮಾಡಿದ್ದಾರೆ ಅಂತ ನೋಡಿ.

ದೀಪಾವಳಿಗೆ ಪೂರ್ತಿ ತುಂಬಿಸದೇ ಹೊರಟಾಗ ಕರಾಡ ದಾಟಿದ ಮೇಲೆ ಒಂದು ಕಡೆ ನಿಂತೆವು. ಎರಡು ಗನ್‌ನಲ್ಲಿ ಒಂದು ಸತ್ತಿತ್ತು, ಮುಂದೆ ಮೂರು ಗಾಡಿ. ಒಂದು ಗಂಟೆ ನಲವತ್ತು ನಿಮಿಷ ಹೋಯಿತು. ನನ್ನ ಕೈಯಲ್ಲಿ 18 ಪರ್ಸೆಂಟ್ ಇದ್ದದ್ದರಿಂದ ಮುಂದೆ ಹೋಗಲು ಧೈರ್ಯ ಬರಲಿಲ್ಲ. ಈಗ 40 ಇರುವಾಗಲೇ ನಿಲ್ಲುತ್ತೇನೆ. ಅಲ್ಲಿ ಸರಿಯಿಲ್ಲದಿದ್ದರೆ ಮುಂದಿನದಕ್ಕೆ ಹೋಗಬಹುದು.

ಊರಿನ ಮನೆಗೆ ಅರ್ಥಿಂಗ್

ಇದನ್ನು ಯಾರೂ ಹೇಳುವುದಿಲ್ಲ, ಹಾಗಾಗಿ ನಾನು ಹೇಳುತ್ತೇನೆ. ಧಾರವಾಡದ ಮನೆಯಲ್ಲಿ ಮೊದಲ ರಾತ್ರಿ ಗನ್ ಹಚ್ಚಿದೆ, ಕೆಂಪು ದೀಪ ಹತ್ತಿತು. ಸಾಕೆಟ್ ಬದಲಿಸಿದೆ, ಮತ್ತೆ ಕೆಂಪು. ಗಾಡಿಯಲ್ಲಿ ದೋಷ ಏನೂ ಇರಲಿಲ್ಲ. ಹಳೆಯ ಮನೆಗೆ ಅರ್ಥಿಂಗೇ (ಸೋರಿದ ಕರೆಂಟನ್ನು ಭೂಮಿಗೆ ಇಳಿಸುವ ವ್ಯವಸ್ಥೆ) ಇರಲಿಲ್ಲ. ಅರ್ಥಿಂಗ್ ಇಲ್ಲದಿದ್ದರೆ ಚಾರ್ಜರ್ ಕರೆಂಟು ತಗೊಳ್ಳುವುದಿಲ್ಲ, ಅದು ನಮ್ಮ ಜೀವದ ಸಲುವಾಗಿ ಮಾಡಿದ ವ್ಯವಸ್ಥೆ. ಮರುದಿನ ವೈರಿಂಗ್ ಮಾಡುವವರು ಬಂದು ಬಾವಿ ಪಕ್ಕದ ಹಸಿ ಮಣ್ಣಿನಲ್ಲಿ ಗುಂಡಿ ತೋಡಿದರು. ಪೈಪು ಇಳಿಸಿ, ಸುತ್ತ ಇದ್ದಿಲು, ಉಪ್ಪು ಹಾಕಿ, ಮೇಲೆ ಎರಡು ಕೊಡ ನೀರು ಸುರಿದರು. ಸಂಜೆ ಹಚ್ಚಿದರೆ ಹಸಿರು ದೀಪ. ಅಪ್ಪ ಅಂಗಳದಲ್ಲೇ ಕುರ್ಚಿ ಹಾಕಿಕೊಂಡು ಕೂತು ಅದನ್ನೇ ನೋಡುತ್ತಿದ್ದರು. ಗಾಡಿ ಬರುವ ಮೊದಲೇ ಊರಿಗೆ ಫೋನ್ ಮಾಡಿ ಈ ಕೆಲಸ ಮುಗಿಸಿ, 16 ಆಂಪಿಯರ್‌ನ ಒಂದು ಸಾಕೆಟ್ ಅನ್ನು ಅಂಗಳಕ್ಕೆ ತರಿಸಿ. ಎಕ್ಸ್‌ಟೆನ್ಷನ್ ಬಾಕ್ಸ್ ಮಾತ್ರ ಬೇಡವೇ ಬೇಡ, ಬಿಸಿಯಾಗಿ ಕರಗುತ್ತದೆ.

ಈಗ ಹೆಸರುಗಳು

ಮನೆಯಲ್ಲಿ ನಾಲ್ಕೈದು ಜನ ಇದ್ದರೆ ಹ್ಯಾರಿಯರ್ ಇವಿ ಮತ್ತು ಎಕ್ಸ್‌ಇವಿ 9ಇ ಎರಡನ್ನೇ ಎದುರುಬದುರು ಇಟ್ಟು ನೋಡಿ. ಹ್ಯಾರಿಯರ್ 2025ರ ಜೂನ್‌ನಲ್ಲಿ 21.49 ಲಕ್ಷದಿಂದ ಶುರುವಾಯಿತು, ಬ್ಯಾಟರಿ 65 ಅಥವಾ 75 ಯುನಿಟ್, ಉದ್ದ 4,607 ಮಿ.ಮೀ. ಉದ್ದದಲ್ಲಿ ಒಂದು ಗೇಣು ಕಡಿಮೆ ಆದ್ದರಿಂದ, ಉದ್ದ ಸಾಲದ ಪಾರ್ಕಿಂಗ್‌ಗೆ ಹೊಂದುತ್ತದೆ. 75 ಯುನಿಟ್‌ನ ಹಿಂಚಕ್ರದ ಮಾದರಿಗೆ 627 ಕಿ.ಮೀ. ಅಂತ ಬರೆದಿದ್ದರೂ ನಿಜದ ರಸ್ತೆಯಲ್ಲಿ 480–505 ಬರುತ್ತದೆ ಅಂತ ಟಾಟಾದವರೇ ಹೇಳಿದ್ದಾರೆ, ಅದು ನನಗೆ ಹಿಡಿಸಿತು. 9ಇಯ ಡಿಕ್ಕಿ 663 ಲೀಟರ್, ಹ್ಯಾರಿಯರ್‌ನದು 502. ಭಾರತ್ ಎನ್‌ಕ್ಯಾಪ್‌ನ ಅಪಘಾತ ಸುರಕ್ಷತೆ ಪರೀಕ್ಷೆಯಲ್ಲಿ ಎರಡಕ್ಕೂ ಐದು ಸ್ಟಾರ್. ಹ್ಯಾರಿಯರ್‌ನ ನಾಲ್ಕೂ ಚಕ್ರ ಎಳೆಯುವ ಮಾದರಿ ನಮ್ಮ ಪುಣೆ–ಧಾರವಾಡದ ಓಡಾಟಕ್ಕೆ ಬೇಕಾಗಿಲ್ಲ. ತೋಟಕ್ಕೆ, ಕೆಸರಿಗೆ ಹೋಗುವವರು ಯೋಚಿಸಲಿ.

ಆರು ಜನರ ಮನೆಗೆ ಎಕ್ಸ್‌ಇವಿ 9ಎಸ್. 2025ರ ನವೆಂಬರ್‌ನಲ್ಲಿ 19.95 ಲಕ್ಷದಿಂದ ಶುರುವಾದ ಏಳು ಸೀಟಿನ ಗಾಡಿ. 59, 70, 79 ಯುನಿಟ್‌ನ ಮೂರು ಬ್ಯಾಟರಿ. ಬಜೆಟ್ ಇನ್ನೂ ಕಡಿಮೆ ಇದ್ದರೆ ಕಿಯಾ ಕ್ಯಾರೆನ್ಸ್ ಕ್ಲಾವಿಸ್ ಇವಿ ನೋಡಿ. ಅದು ದೊಡ್ಡ ಎಸ್‌ಯುವಿ ಅಲ್ಲ, ಆದರೂ ಏಳು ಸೀಟು ಇದೆ. ಬ್ಯಾಟರಿ 42 ಅಥವಾ 51.4 ಯುನಿಟ್.

ಇನ್ನೂ ದುಬಾರಿಯದು ಬೇಕಾದರೆ 48.90 ಲಕ್ಷದಿಂದ ಶುರುವಾದ ಬಿವೈಡಿ ಸೀಲಯನ್ 7, ಮುಂಬೈನ ಬಿಕೆಸಿಯಲ್ಲಿ 2025ರ ಜುಲೈನಲ್ಲಿ ಅಂಗಡಿ ತೆರೆದ ಟೆಸ್ಲಾದ ಮಾಡೆಲ್ ವೈ, 2024ರಲ್ಲಿ 1.30 ಕೋಟಿಗೆ ಬಂದ ಆರು ಸೀಟಿನ ಕಿಯಾ ಇವಿ9 ಇವೆ. ಇವಿ9 ಐದು ಮೀಟರ್ ದಾಟುತ್ತದೆ, ನಮ್ಮ ಪಾರ್ಕಿಂಗ್‌ನಲ್ಲಿ ಮೂಗು ಹೊರಗೇ ಉಳಿಯುತ್ತದೆ.

ಸಹಿ ಹಾಕುವ ಮೊದಲು

ಟಾಟಾ, ಮಹೀಂದ್ರಾ ಎರಡೂ ಬ್ಯಾಟರಿಗೆ ಆಜೀವ ವಾರಂಟಿ ಕೊಡುತ್ತವೆ. ಆದರೆ ಅದು ಸ್ವಂತ ಹೆಸರಿನಲ್ಲಿ ಕೊಂಡ ಮೊದಲ ಮಾಲೀಕರಿಗೆ. ಅಂಗಡಿ, ಕಂಪನಿ ಹೆಸರಿನಲ್ಲಿ ಕೊಳ್ಳುವವರು ಷರತ್ತು ಓದಿ. ಮಹಾರಾಷ್ಟ್ರದಲ್ಲಿ 30 ಲಕ್ಷಕ್ಕಿಂತ ದುಬಾರಿ ಎಲೆಕ್ಟ್ರಿಕ್ ಗಾಡಿಗೆ 6 ಪರ್ಸೆಂಟ್ ತೆರಿಗೆ ಹಾಕುವ 2025ರ ಬಜೆಟ್ ಪ್ರಸ್ತಾಪ ವಾಪಸ್ ಆಯಿತು. ಕರ್ನಾಟಕ 2024ರಲ್ಲೇ 25 ಲಕ್ಷ ಮೀರಿದವಕ್ಕೆ 10 ಪರ್ಸೆಂಟ್ ತೆರಿಗೆ ಶುರು ಮಾಡಿತು. ಒಂದೆರಡು ವರ್ಷದಲ್ಲಿ ಊರಿಗೇ ಹೋಗಿ ನೆಲೆಸುವ ಯೋಚನೆ ಇದ್ದರೆ ಅದನ್ನು ಲೆಕ್ಕಕ್ಕೆ ಹಿಡಿಯಿರಿ. ಎಂಎಚ್ ನಂಬರಿನ ಗಾಡಿ ಅಲ್ಲಿ ಹನ್ನೆರಡು ತಿಂಗಳು ದಾಟಿದರೆ ಹೊಸ ನಂಬರು ಮಾಡಿಸಬೇಕಾಗುತ್ತದೆ.

ಬುಕಿಂಗ್ ಹಣ ಕೊಡುವ ಮುಂಚೆ ಟೆಸ್ಟ್ ಡ್ರೈವ್ ಗಾಡಿಯನ್ನು ನಿಮ್ಮ ಸೊಸೈಟಿಗೇ ತರಿಸಿ, ಕೇಳಿದರೆ ಕಳಿಸುತ್ತಾರೆ. ರ್‍ಯಾಂಪ್ ಇಳಿಸಿ, ನಿಮ್ಮ ಜಾಗದಲ್ಲಿ ನೀವೇ ನಿಲ್ಲಿಸಿ, ನಾಲ್ಕೂ ಬಾಗಿಲು ತೆಗೆಯಿರಿ. ಚಾರ್ಜಿಂಗ್ ಮುಚ್ಚಳ ಯಾವ ಕಡೆ ಇದೆ ನೋಡಿ, ಗೋಡೆಯ ಮೇಲೆ ಚಾರ್ಜರ್ ಬರುವ ಜಾಗಕ್ಕೆ ಪೆನ್ಸಿಲ್‌ನಿಂದ ಗುರುತು ಹಾಕಿ. ಅದೇ ದಿನ ಮೀಟರ್‌ಗೆ ಅರ್ಜಿ ಕೊಡಿ. ಗಾಡಿ ಬಂದ ರಾತ್ರಿ ಗನ್ ಹಚ್ಚಲು ಸಾಕೆಟ್ ತಯಾರಿರಬೇಕು.